ಪದಚರ್ಚೆ: ಸಸ್ಪೆನ್ಷನ್ ಪಟ್ಟಿಯಲ್ಲಿ ‘ಲಾಕ್‌ನಟ್’, ‘19ರ ಬೋಲ್ಟ್’, ‘ಎಂಟರ ಗ್ರೇಡ್’

ಪ್ರಶ್ನೆ

ನಮಸ್ಕಾರ. ಇಂಗ್ಲೆಂಡಿನಲ್ಲಿ ಮನೆಯ ಗ್ಯಾರೇಜಿನಲ್ಲೇ ಕಿಟ್ ಕಾರು, ಅಂದರೆ ಬಿಡಿಭಾಗಗಳಾಗಿ ಕೊಂಡು ತಾವೇ ಕಟ್ಟಿಕೊಳ್ಳುವ ಕಾರು, ಜೋಡಿಸುವ ಕನ್ನಡಿಗರಿಗಾಗಿ ಕನ್ನಡದಲ್ಲಿ ಒಂದು ಪರಿಶೀಲನಾ ಪಟ್ಟಿ ಸಿದ್ಧಪಡಿಸುತ್ತಿದ್ದೇನೆ. ಅಲ್ಲಿ ಇಂಥ ಕಾರು ನೋಂದಣಿಯಾಗಿ ರಸ್ತೆಗಿಳಿಯಬೇಕಾದರೆ ಐವಿಎ, ಅಂದರೆ ಇಂಡಿವಿಜುವಲ್ ವೆಹಿಕಲ್ ಅಪ್ರೂವಲ್ ತಪಾಸಣೆ ಪಾಸಾಗಬೇಕು. 2009ರಲ್ಲಿ ಹಳೆಯ ಎಸ್‌ವಿಎ ಬದಲಿಗೆ ಬಂದ ಈ ತಪಾಸಣೆಯನ್ನು ಈಗ ಅಲ್ಲಿನ ಸರ್ಕಾರಿ ವಾಹನ ಸಂಸ್ಥೆ ಡಿವಿಎಸ್‌ಎ ನಡೆಸುತ್ತದೆ. ಬ್ರೇಕು, ದೀಪ, ಸೀಟ್ ಬೆಲ್ಟಿನ ಭಾಗಗಳು ಸಲೀಸಾಗಿ ಬಂದವು. ಸಸ್ಪೆನ್ಷನ್ ಬೋಲ್ಟುಗಳ ಭಾಗದಲ್ಲಿ ಕೆಲವು ಮಾತುಗಳು ಮಾತ್ರ ಹಿಡಿತಕ್ಕೆ ಸಿಗುತ್ತಿಲ್ಲ.

ಇಂಗ್ಲಿಷ್ ಪಟ್ಟಿಗಳಲ್ಲಿ ‘ಬೋಲ್ಟ್’ ಬೇರೆ, ‘ಸೆಟ್ ಸ್ಕ್ರೂ’ ಬೇರೆ. ನಮ್ಮಲ್ಲಿ ಎರಡೂ ಬೋಲ್ಟೇ. ‘ತಿರುಪುಮೊಳೆ’ ಎಂದರೆ ಓದುವವರಿಗೆ ಬಾಗಿಲ ಕೀಲಿನ ಸ್ಕ್ರೂ ನೆನಪಾಗುತ್ತದೆ. ಅಡ್ಡಲಾಗಿ ಕತ್ತರಿಸುವಂತೆ ಬೀಳುವ ಬಲದ ಹೆಸರು ‘ಶಿಯರ್’; ಅದಕ್ಕೆ ‘ಕರ್ತನ ಬಲ’ ಎನ್ನಬಹುದೇ? ಬೋಲ್ಟಿನ ತಲೆಯ ಮೇಲೆ ಬಲ ಸೂಚಿಸುವ 8.8, 10.9 ಎಂಬ ಅಂಕಿಗಳನ್ನು ಕನ್ನಡದಲ್ಲಿ ಹೇಗೆ ಓದಿಸುವುದು? ‘ಲಾಕ್‌ನಟ್’ ಎಂದಷ್ಟೇ ಬರೆದರೆ ಸಾಕೇ? ಕೊನೆಯದಾಗಿ, ತಪಾಸಣೆಯವರು ಮತ್ತೆ ಮತ್ತೆ ಬಳಸುವ ‘ಸೆಕ್ಯೂರ್’ ಎಂಬ ಮಾತಿಗೆ ‘ಬಿಗಿ’ ಸರಿಯೋ, ‘ಭದ್ರ’ ಸರಿಯೋ? ಬಲ್ಲವರು ತಿಳಿಸಬೇಕು.

ಉತ್ತರ

ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಉಳಿದವು ಅದಕ್ಕೇ ಬಂದು ಸೇರುತ್ತವೆ. ‘ಬಿಗಿ’ ಎನ್ನುವುದು ಈ ಹೊತ್ತಿನ ಸ್ಥಿತಿ, ‘ಭದ್ರ’ ಎನ್ನುವುದು ಮುಂದೆಯೂ ಸಡಿಲಾಗದು ಎಂಬ ಏರ್ಪಾಡು. ಪರೀಕ್ಷಕರು ಕೇಳುವುದು ಎರಡನ್ನೂ. ಪಾನಾ ಹಾಕಿ ಎಷ್ಟೇ ಬಿಗಿದಿದ್ದರೂ ನಟ್ಟು ತಾನಾಗಿ ಬಿಚ್ಚಿಕೊಳ್ಳದಂತೆ ತಡೆಯುವ ಯಾವುದೂ ಇಲ್ಲದಿದ್ದರೆ ಅದು ಬಿಗಿಯಾಗಿದೆ, ಭದ್ರವಾಗಿಲ್ಲ. ಹಾಗಾಗಿ ಪಟ್ಟಿಯಲ್ಲಿ ಎರಡು ಮಾತನ್ನೂ ಇಟ್ಟುಕೊಳ್ಳಿ: ‘ಬಿಗಿ’ಯ ಎದುರು ಟಾರ್ಕ್ ಅಂಕಿ (ಎಷ್ಟು ತಿರುಚುಬಲದಿಂದ ಬಿಗಿಯಬೇಕು ಎಂಬುದು), ‘ಭದ್ರ’ದ ಎದುರು ಯಾವ ಬಗೆಯ ತಡೆ ಎಂಬುದು.

ಇಲ್ಲಿಂದ ‘ಲಾಕ್‌ನಟ್’ಗೆ ಬರೋಣ. ನಮ್ಮ ಗ್ಯಾರೇಜುಗಳಲ್ಲಿ ಈ ಮಾತು ಎರಡು ಬೇರೆ ವಸ್ತುಗಳಿಗೆ ಓಡಾಡುತ್ತದೆ. ಒಂದು, ತುದಿಯಲ್ಲಿ ನೈಲಾನ್ ಬಳೆ ಇರುವ ನೈಲಾಕ್ ನಟ್. ಇನ್ನೊಂದು, ಮೊದಲ ನಟ್ಟಿನ ಮೇಲೆ ಒತ್ತಿ ಕೂರಿಸುವ ತೆಳು ನಟ್ಟು. ಇದನ್ನು ಚೆಕ್‌ನಟ್ ಎನ್ನುವವರೂ ಇದ್ದಾರೆ. ಚಕ್ರವನ್ನು ಚಾಸಿಗೆ ಜೋಡಿಸುವ ತೋಳು ವಿಷ್‌ಬೋನ್; ಅದರ ಬುಡದ ಕೀಲಿನ ಕೊಳವೆಗಳಾದ ಬುಷ್‌ಗಳ ಬೋಲ್ಟಿಗೆ ಬೇಕಾದದ್ದು ಮೊದಲನೆಯದು. ಸ್ಟೀರಿಂಗ್ ಟೈರಾಡಿನ ಉದ್ದ ಹೊಂದಿಸಿ ಕಚ್ಚಿಸುವಲ್ಲಿ ಬೇಕಾದದ್ದು ಎರಡನೆಯದು. ಆದ್ದರಿಂದ ‘ಲಾಕ್‌ನಟ್’ ಎಂಬ ಮಾತನ್ನೇ ಪಟ್ಟಿಯಿಂದ ಬಿಟ್ಟುಬಿಡಿ, ‘ನೈಲಾಕ್’, ‘ಚೆಕ್‌ನಟ್’ ಎಂದು ಬಿಡಿಸಿ ಬರೆಯಿರಿ. ನೈಲಾಕನ್ನು ಒಮ್ಮೆ ಬಿಚ್ಚಿದರೆ ನೈಲಾನಿನ ಹಿಡಿತ ಕಡಿಮೆಯಾಗುತ್ತದೆ. ಜೋಡಣೆಯ ಹಂತದಲ್ಲಿ ಸಾದಾ ನಟ್ಟು ಹಾಕಿಕೊಂಡು, ಕೊನೆಯ ಬಿಗಿತಕ್ಕೆ ಮಾತ್ರ ಹೊಸ ನೈಲಾಕ್ ಬಳಸುವುದು ಒಳ್ಳೆಯದು. ನೈಲಾನ್ ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗುತ್ತದೆ. ಎಕ್ಸಾಸ್ಟ್ ಪಕ್ಕದ ಜಾಗಗಳಿಗೆ ಪೂರ್ತಿ ಲೋಹದ ಲಾಕಿಂಗ್ ನಟ್ಟೇ ಬೇಕು.

ನಟ್ಟಿನಾಚೆ ಬೋಲ್ಟು ಇಣುಕಬೇಕು ಎಂಬುದನ್ನು ಬರೆಯುವಾಗ ‘ಎರಡು ಸುತ್ತು ಹೊರಗೆ’ ಎನ್ನಬೇಡಿ. ಇನ್ನೆರಡು ಸುತ್ತು ತಿರುಗಿಸಬೇಕು ಎಂದು ಓದಿಕೊಳ್ಳುವವರಿದ್ದಾರೆ. ‘ನೈಲಾನ್ ಬಳೆಯಾಚೆ ಎರಡು ಥ್ರೆಡ್ ಕಾಣಬೇಕು’ ಎನ್ನಿ, ಸಂದೇಹ ಉಳಿಯದು.

ಬೋಲ್ಟ್ ಮತ್ತು ಸೆಟ್ ಸ್ಕ್ರೂ ಬಗ್ಗೆ ಹೊಸ ಪದ ಹುಡುಕುವ ಅಗತ್ಯವೇ ಇಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೂ ‘ಹಾಫ್ ಥ್ರೆಡ್ಡಾ, ಫುಲ್ ಥ್ರೆಡ್ಡಾ?’ ಎಂದು ಮರುಪ್ರಶ್ನೆ ಬರುತ್ತದೆ. ಅದೇ ನಿಮಗೆ ಬೇಕಾದ ಭೇದ: ತಲೆಯ ಕೆಳಗೆ ನುಣ್ಣನೆ ಮೈ ಉಳಿದ ಹಾಫ್ ಥ್ರೆಡ್ ಅವರ ‘ಬೋಲ್ಟ್’, ತಲೆಯವರೆಗೂ ಥ್ರೆಡ್ ಇರುವ ಫುಲ್ ಥ್ರೆಡ್ ಅವರ ‘ಸೆಟ್ ಸ್ಕ್ರೂ’. ಹಾಫ್ ಥ್ರೆಡ್ ಅಂದರೆ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 4014, ಹಳೆಯ ಜರ್ಮನ್ ಮಾನಕ ಡಿನ್ 931; ಫುಲ್ ಥ್ರೆಡ್ ಅಂದರೆ ಐಎಸ್‌ಒ 4017, ಡಿನ್ 933. ಹೆಸರಲ್ಲಿ ‘ಹಾಫ್’ ಇದ್ದರೂ ಥ್ರೆಡ್ ಅರ್ಧದಷ್ಟೇ ಇರಬೇಕೆಂದಿಲ್ಲ. 125 ಮಿ.ಮೀ. ಉದ್ದದವರೆಗಿನ ಹಾಫ್ ಥ್ರೆಡ್ ಬೋಲ್ಟಿನಲ್ಲಿ ಥ್ರೆಡ್ಡಿನ ಉದ್ದ ವ್ಯಾಸದ ಎರಡರಷ್ಟಕ್ಕೆ 6 ಮಿ.ಮೀ. ಸೇರಿಸಿದಷ್ಟು. ಎಂ12ಕ್ಕೆ, ಅಂದರೆ 12 ಮಿ.ಮೀ. ವ್ಯಾಸದ ಬೋಲ್ಟಿಗೆ, 30 ಮಿ.ಮೀ.

ಸಸ್ಪೆನ್ಷನ್‌ಗೆ ಫುಲ್ ಥ್ರೆಡ್ ಯಾಕೆ ಬೇಡ? ಎಂ12 ಬೋಲ್ಟಿನ ನುಣ್ಣನೆ ಮೈಯ ಅಡ್ಡಕೊಯ್ತ 113 ಚದರ ಮಿ.ಮೀ. ಥ್ರೆಡ್ಡಿನ ತಳದಲ್ಲಿ ಅದು ಸುಮಾರು 76ಕ್ಕೆ ಇಳಿಯುತ್ತದೆ. ಅಂದರೆ ಬ್ರಾಕೆಟ್ಟಿನ ಅಂಚು ಥ್ರೆಡ್ಡಿನ ಮೇಲೆ ಕೂತರೆ ಕತ್ತರಿಸುವ ಬಲ ತಡೆಯುವ ಲೋಹ ಮೂರನೇ ಒಂದು ಭಾಗ ಕಡಿಮೆ. ಜೊತೆಗೆ ಥ್ರೆಡ್ಡಿನ ಏಣುಗಳು ಬ್ರಾಕೆಟ್ಟಿನ ತೂತನ್ನು ಅರೆದು ಅರೆದು ಮೊಟ್ಟೆಯಾಕಾರಕ್ಕೆ ತರುತ್ತವೆ, ಥ್ರೆಡ್ಡಿನ ತಳದಿಂದಲೇ ಬಿರುಕು ಹುಟ್ಟುತ್ತದೆ.

ಉದ್ದದ ಲೆಕ್ಕವನ್ನು ಪಟ್ಟಿಯಲ್ಲಿ ಬಿಡಿಸಿಯೇ ತೋರಿಸಿ. 3 ಮಿ.ಮೀ. ದಪ್ಪದ ಎರಡು ಬ್ರಾಕೆಟ್ ಕಿವಿ (ಬೋಲ್ಟು ತೂರುವ ತಗಡುಗಳು), ನಡುವೆ 44 ಮಿ.ಮೀ. ಬುಷ್ ಕೊಳವೆ, ಎರಡೂ ಕಡೆ 2.5 ಮಿ.ಮೀ. ವಾಷರ್, 12 ಮಿ.ಮೀ. ಎತ್ತರದ ನೈಲಾಕ್, ಎರಡು ಥ್ರೆಡ್‌ಗೆ 3.5 ಮಿ.ಮೀ. ಕೂಡಿದರೆ 70.5. ಸಹಜವಾಗಿ ಕೈ 75ರ ಬೋಲ್ಟಿಗೆ ಹೋಗುತ್ತದೆ. ಆದರೆ ಅದರಲ್ಲಿ 30 ಥ್ರೆಡ್ಡಿಗೆ ಹೋದರೆ ಉಳಿಯುವುದು 45. ಎರಡನೇ ಕಿವಿ ಶುರುವಾಗುವುದೇ ತಲೆಯಿಂದ 49.5 ಮಿ.ಮೀ. ದೂರದಲ್ಲಿ. ಅಂದರೆ ಆ ಕಿವಿ ಪೂರ್ತಿ ಥ್ರೆಡ್ಡಿನ ಮೇಲೆ. 85ರದ್ದು ಕೊಂಡರೆ ಪೂರ್ಣ ಥ್ರೆಡ್ ಶುರುವಾಗುವುದು 55ರಲ್ಲಿ, ಎರಡನೇ ಕಿವಿ ಅದರಾಚೆಗೆ ಹೋಗುವುದಿಲ್ಲ. ಆದರೆ ನಟ್ಟು ಕೂರುವುದೂ ಸರಿಯಾಗಿ 55ರಲ್ಲೇ. ಥ್ರೆಡ್ಡಿನ ಬುಡಕ್ಕೆ ಮುಟ್ಟಿ ನಟ್ಟು ನಿಂತರೆ ಟಾರ್ಕ್ ಪಾನಾ ಟಕ್ ಎನ್ನುತ್ತದೆ, ಬ್ರಾಕೆಟ್ ಮಾತ್ರ ಬಿಗಿದಿರುವುದಿಲ್ಲ. ನಟ್ಟಿನ ಕಡೆ ಇನ್ನೊಂದು ವಾಷರ್ ಸೇರಿಸಿದರೆ ಸರಿಹೋಗುತ್ತದೆ. ಹೊರಗೆ ಉಳಿಯುವ ಹೆಚ್ಚಿನ ಉದ್ದವನ್ನು ಕತ್ತರಿಸಿ, ಅರದಿಂದ ಅಂಚು ತೆಗೆಯಬೇಕು. ಲೋಟಸ್ ಸೆವೆನ್ ಮಾದರಿಯ ತೆರೆದ ಪುಟ್ಟ ಕಾರುಗಳಲ್ಲಿ ಮುಂದಿನ ಸಸ್ಪೆನ್ಷನ್ ಬಯಲಲ್ಲೇ ಇರುತ್ತದೆ; ಐವಿಎಯಲ್ಲಿ 100 ಮಿ.ಮೀ. ವ್ಯಾಸದ ಪರೀಕ್ಷಾ ಗೋಳ ತಾಗುವ ಹೊರಭಾಗಗಳ ಅಂಚಿಗೆ ಕನಿಷ್ಠ 2.5 ಮಿ.ಮೀ. ತ್ರಿಜ್ಯದ ದುಂಡಗೆ ಕೇಳುತ್ತಾರೆ. ಬೋಲ್ಟಿನ ತುದಿಗೆ, ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕುವುದು ಇದಕ್ಕಾಗಿಯೇ.

‘ಶಿಯರ್’ಗೆ ‘ಕರ್ತನ ಬಲ’ ತಪ್ಪಲ್ಲ, ಆದರೆ ಗ್ಯಾರೇಜಿನಲ್ಲಿ ಯಾರೂ ಆಡದ ಮಾತು. ‘ಕತ್ತರಿಸುವ ಬಲ’ ಸಾಕು. ‘ಡಬಲ್ ಶಿಯರ್’, ಅಂದರೆ ಬೋಲ್ಟನ್ನು ಎರಡು ಕಡೆ ಕತ್ತರಿಸುವಂತೆ ಬಲ ಬೀಳುವುದು, ಬಂದಲ್ಲಿ ಬಲದ ಹೆಸರಿಗಿಂತ ಆಕಾರವನ್ನೇ ಹೇಳಿ: ‘ಎರಡು ಕಿವಿಯ ಬ್ರಾಕೆಟ್’, ‘ಒಂದೇ ಕಿವಿಯ ಬ್ರಾಕೆಟ್’. ಓದಿದವನು ಬಗ್ಗಿ ನೋಡಿ ಗುರುತಿಸಬಲ್ಲ. ಒಂದೇ ಕಿವಿಯಿದ್ದಲ್ಲಿ ಬೋಲ್ಟು ಬಾಗುವ ಬಲವನ್ನೂ ಹೊರಬೇಕು. ಎರಡು ಕಿವಿಯಿದ್ದಲ್ಲಿ ಸರಿಯಾಗಿ ಬಿಗಿದ ಬೋಲ್ಟು ಬುಷ್ಷಿನ ಉಕ್ಕಿನ ಕೊಳವೆಯನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುತ್ತದೆ. ಆ ಘರ್ಷಣೆಯೇ ಹೆಚ್ಚಿನ ಬಲವನ್ನು ಹೊರುತ್ತದೆ. ಸಡಿಲಾದ ಮರುಕ್ಷಣ ಎಲ್ಲವೂ ಬೋಲ್ಟಿನ ಮೇಲೆ ಬೀಳುತ್ತದೆ. ಮೇಲಿನ ‘ಬಿಗಿ’ಗೆ ಅಷ್ಟು ತೂಕ ಇರುವುದು ಇದರಿಂದ. 8.8ರ ಎಂ10ಕ್ಕೆ ಸುಮಾರು 45, ಎಂ12ಕ್ಕೆ ಸುಮಾರು 80 ನ್ಯೂಟನ್ ಮೀಟರ್ ಎಂಬುದು ಸಾಮಾನ್ಯ ಅಂಕಿ. ಕಿಟ್ ತಯಾರಕರ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ಕೊಳವೆಗೆ ಅಂಟಿಕೊಂಡ ರಬ್ಬರ್ ಬುಷ್ ಆದರೆ ಕೊನೆಯ ಬಿಗಿತವನ್ನು ಕಾರು ತನ್ನ ಚಕ್ರಗಳ ಮೇಲೆ ನಿಂತಾಗಲೇ ಕೊಡಬೇಕು. ಜಾಕ್ ಮೇಲೆ ಚಕ್ರ ಜೋತಾಡುವಾಗ ಬಿಗಿದರೆ ಕೆಳಗಿಳಿಸಿದಾಗ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಇನ್ನು ಅಂಕಿಗಳು. 8.8ರಲ್ಲಿರುವ ಚುಕ್ಕೆ ದಶಮಾಂಶದ್ದಲ್ಲ, ಅಲ್ಲಿರುವುದು ಎರಡು ಬೇರೆ ಸಂಖ್ಯೆ. ಮೊದಲನೆಯದನ್ನು 100ರಿಂದ ಗುಣಿಸಿದರೆ ತುಂಡಾಗುವ ಮಿತಿ: 800 ಮೆಗಾಪಾಸ್ಕಲ್. ಎರಡನೆಯದು, ಆ ಮಿತಿಯ ಹತ್ತರಲ್ಲಿ ಎಷ್ಟು ಪಾಲಿಗೆ ಬೋಲ್ಟು ಶಾಶ್ವತವಾಗಿ ಹಿಗ್ಗಲು ತೊಡಗುತ್ತದೆ ಎಂಬುದು: 640. ಹೀಗೆಯೇ 10.9ಕ್ಕೆ 1000 ಮತ್ತು 900, 12.9ಕ್ಕೆ 1200 ಮತ್ತು 1080. ‘ಎಂಟು ಪಾಯಿಂಟ್ ಎಂಟು’ ಎಂದೇ ಓದಿಸಿ. ‘ಎಂಟರ ಗ್ರೇಡ್’ ಎಂದು ಮೊಟಕು ಮಾಡಿದರೆ ಅಪಾಯವಿದೆ. ಇಂಚಿನ ಬೋಲ್ಟುಗಳ ಅಮೆರಿಕದ ಎಸ್‌ಎಇ ಪದ್ಧತಿಯಲ್ಲಿ ‘ಗ್ರೇಡ್ 8’ ಎಂಬುದೇ ಬೇರೆ ಇದೆ, ಅದರ ಬಲ 10.9ರ ಸಮೀಪ, 8.8ಕ್ಕೆ ಸಾಟಿಯಾದದ್ದು ಅಲ್ಲಿನ ಗ್ರೇಡ್ 5. ತಲೆಯ ಮೇಲೆ ಮೂರು ಗೆರೆಯಿದ್ದರೆ ಗ್ರೇಡ್ 5, ಆರು ಗೆರೆಯಿದ್ದರೆ ಗ್ರೇಡ್ 8. ತಲೆಯಲ್ಲಿ ಗುರುತೇ ಇಲ್ಲದ ಬೋಲ್ಟು ಸಸ್ಪೆನ್ಷನ್ ಹತ್ತಿರ ಸುಳಿಯಬಾರದು.

‘ಹೆಚ್ಚು ಅಂಕಿ, ಹೆಚ್ಚು ಒಳ್ಳೆಯದು’ ಎಂಬ ಧ್ವನಿಯೂ ಪಟ್ಟಿಯಲ್ಲಿ ಬರಬಾರದು. 12.9ರ ಗಡಸು ಉಕ್ಕಿಗೆ ಸತುವಿನ ವಿದ್ಯುಲ್ಲೇಪನ ಮಾಡುವಾಗ ಹೈಡ್ರೋಜನ್ ಒಳಸೇರಿ, ಬಿಗಿದು ಕೆಲವು ಗಂಟೆ ಅಥವಾ ದಿನಗಳಾದ ಮೇಲೆ ತಲೆ ಪಟ್ಟನೆ ಹಾರಿಹೋಗಬಹುದು. ಸ್ಟೇನ್‌ಲೆಸ್ ಎ2-70 ಹೊಳೆಯುತ್ತದೆ ನಿಜ, ಆದರೆ ಅದು ಹಿಗ್ಗತೊಡಗುವುದು 450 ಮೆಗಾಪಾಸ್ಕಲ್‌ಗೇ, ಥ್ರೆಡ್ ಕಚ್ಚಿಕೊಳ್ಳುವ ಕಾಟ ಬೇರೆ.

ಸೇರ್ಪಡೆ

ಮೇಲಿನವರು ಹೇಳಿದ್ದಕ್ಕೆ ಅಳತೆಯ ಮಾತೊಂದನ್ನು ಸೇರಿಸಬೇಕು. ನಮ್ಮ ಮೆಕ್ಯಾನಿಕ್‌ಗಳು ಬೋಲ್ಟನ್ನು ಕರೆಯುವುದು ಪಾನಾ ನಂಬರಿನಿಂದ: ‘17ರ ಬೋಲ್ಟ್’, ‘19ರ ಬೋಲ್ಟ್’. ಬಿಚ್ಚಲು ಈ ಹೆಸರು ಸಾಕು, ಕೊಳ್ಳಲು ಸಾಲದು. ಹಳೆಯ ಡಿನ್ ಅಳತೆಯ ಎಂ10ಕ್ಕೆ 17ರ ಪಾನಾ, ಜಪಾನಿ ಕಾರುಗಳ ಎಂ12ಕ್ಕೂ 17ರದ್ದೇ. ಐಎಸ್‌ಒ ಪ್ರಕಾರ ಎಂ10ಕ್ಕೆ 16, ಎಂ12ಕ್ಕೆ 18. ಕಿಟ್ ಕಾರಿನಲ್ಲಿ ನಿಜವಾಗಿ ಕಾಡುವುದು 19. ಡಿನ್ ಎಂ12ರ ತಲೆ 19 ಮಿ.ಮೀ.; ಹಳೆಯ ಬ್ರಿಟಿಷ್ ಕಾರುಗಳ ಭಾಗ ಬಳಸುವ ಕಿಟ್‌ಗಳಲ್ಲಿ ಸಿಗುವ ಅರ್ಧ ಇಂಚು ಯುಎನ್‌ಎಫ್ (ಇಂಚಿನ ಅಳತೆಯ ಸಣ್ಣ ಥ್ರೆಡ್) ಬೋಲ್ಟಿನ ತಲೆ ಮುಕ್ಕಾಲು ಇಂಚು, ಅಂದರೆ 19.05. ಒಂದೇ ಪಾನಾ ಎರಡಕ್ಕೂ ಕೂರುತ್ತದೆ. ಆದರೆ ಅರ್ಧ ಇಂಚಿನ ಕೊಳವೆಯಲ್ಲಿ ಎಂ12 ಹಾಕಿದರೆ 0.7 ಮಿ.ಮೀ. ಆಟ ಉಳಿಯುತ್ತದೆ. ಮೊದಲು ಟಕಟಕ ಸದ್ದು, ಆಮೇಲೆ ತೂತು ಅಗಲ. ಕ್ಯಾಲಿಪರಿನಲ್ಲಿ ಮೈಯ ವ್ಯಾಸ, ಪಿಚ್ ಗೇಜಿನಲ್ಲಿ ಥ್ರೆಡ್ಡುಗಳ ನಡುವಿನ ಅಂತರ (ಪಿಚ್) ಅಳೆದೇ ಬರೆಯಬೇಕು.

‘ಕಾಟರ್ ಪಿನ್’ ಕೂಡ ಎಚ್ಚರದ ಮಾತು. ಬಾಲ್ ಜಾಯಿಂಟಿನ ಕ್ಯಾಸಲ್ ನಟ್ಟಿಗೆ (ಮೇಲಂಚಿನಲ್ಲಿ ಸೀಳುಗಳಿರುವ ನಟ್ಟು) ಹಾಕುವ ಎರಡು ಕಾಲಿನ ಪಿನ್ನನ್ನು ನಮ್ಮಲ್ಲಿ ಹಲವರು ಹಾಗೆ ಕರೆಯುತ್ತಾರೆ. ಬ್ರಿಟನ್ನಿನ ಅಂಗಡಿಯಲ್ಲಿ ಆ ಹೆಸರಿಗೆ ಸಿಗುವುದು ಹಳೆಯ ಸೈಕಲ್ ಪೆಡಲಿನ ಬೆಣೆ ಪಿನ್. ಅಲ್ಲಿ ‘ಸ್ಪ್ಲಿಟ್ ಪಿನ್’ ಎಂದೇ ಕೇಳಬೇಕು.

ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಈ ಪಟ್ಟಿ ಬೇಕಾಗುತ್ತದೆ. ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟಿ ಓಡಿಸುವ ಫಾರ್ಮುಲಾ ವಿದ್ಯಾರ್ಥಿ ಸ್ಪರ್ಧೆಗಳ ನಿಯಮದಲ್ಲಿ ಸಸ್ಪೆನ್ಷನ್ ಬೋಲ್ಟು ಕನಿಷ್ಠ 8.8 ಇರಬೇಕು, ನಟ್ಟಿನಾಚೆ ಎರಡು ಪೂರ್ಣ ಥ್ರೆಡ್ ಕಾಣಬೇಕು. ಸ್ಪ್ರಿಂಗ್ ವಾಷರ್, ಥ್ರೆಡ್ ಅಂಟು ಎರಡನ್ನೂ ತಡೆಯೆಂದು ಒಪ್ಪುವುದಿಲ್ಲ. ‘ಸ್ಪ್ರಿಂಗ್ ವಾಷರ್ ಹಾಕಿದ್ದೇನೆ, ಲಾಕ್ ಆಗಿದೆ’ ಎಂಬ ಮಾತು ನಮ್ಮಲ್ಲಿ ಬಹಳ ಬಳಕೆಯಲ್ಲಿದೆ, ಪಟ್ಟಿ ಅದನ್ನು ನೇರವಾಗಿ ತಿದ್ದಲಿ.

ಒಂದು ಸಾಲು ಹೀಗೆ ಬರಬಹುದು: ‘ಮುಂದಿನ ಕೆಳ ವಿಷ್‌ಬೋನ್, ಎರಡು ಕಿವಿಯ ಬ್ರಾಕೆಟ್: ಎಂ12, 1.75 ಪಿಚ್, 85 ಮಿ.ಮೀ., ಹಾಫ್ ಥ್ರೆಡ್, ಎಂಟು ಪಾಯಿಂಟ್ ಎಂಟು. ತಲೆಯ ಕಡೆ ಒಂದು, ನಟ್ಟಿನ ಕಡೆ ಎರಡು ವಾಷರ್. ಹೊಸ ನೈಲಾಕ್. ಬಿಗಿ: ಕಾರು ಚಕ್ರಗಳ ಮೇಲೆ ನಿಂತಾಗ, ಕೈಪಿಡಿಯ ಟಾರ್ಕ್. ಭದ್ರ: ನೈಲಾನ್ ಬಳೆಯಾಚೆ ಕನಿಷ್ಠ ಎರಡು ಥ್ರೆಡ್, ತುದಿಗೆ ಟೋಪಿ.’