‘ಗುಂಪು ಚಿಕಿತ್ಸೆ’, ‘ಬೆಂಬಲ ಗುಂಪು’: ಈ ಎರಡಕ್ಕೆ ಸರಿಯಾದ ಕನ್ನಡ ಯಾವುದು?

ಪದಬಲ್ಲವರೆಲ್ಲರಿಗೂ ನಮಸ್ಕಾರ.

ಮನಸ್ಸಿನ ಕಾಯಿಲೆಯಿಂದ ಬಳಲುತ್ತಿರುವವರಿಗೂ ಅವರ ಮನೆಯವರಿಗೂ ಕೊಡಲೆಂದು ಸಿದ್ಧವಾಗುತ್ತಿರುವ ಒಂದು ಪುಟ್ಟ ಕೈಪಿಡಿಯನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಗ್ರೂಪ್ ಥೆರಪಿ ಎಂದರೇನು, ಸಪೋರ್ಟ್ ಗ್ರೂಪ್ ಎಂದರೇನು, ಅವನ್ನು ಹುಡುಕುವುದು ಹೇಗೆ, ಸೇರುವ ಮೊದಲು ಏನೇನು ವಿಚಾರಿಸಬೇಕು ಎಂಬಷ್ಟೇ ಅದರ ವಿಷಯ. ಮೊದಲ ಕರಡನ್ನು ನಮ್ಮ ಅತ್ತಿಗೆಯವರಿಗೆ ಓದಲು ಕೊಟ್ಟಿದ್ದೆ. ‘ಇದು ಮುಚ್ಚಿದ ಗುಂಪು’ ಎಂದು ನಾನು ಬರೆದಿದ್ದ ಸಾಲಿನ ಮೇಲೆ ಅವರು ಬೆರಳಿಟ್ಟು, ‘ಮುಚ್ಚಿಹೋಗಿದ್ದರೆ ಅದರ ವಿಷಯ ಇಷ್ಟುದ್ದ ಯಾಕಪ್ಪಾ ಬರೆದಿದ್ದೀಯ?’ ಎಂದು ಕೇಳಿದರು. ಇಡೀ ಕರಡನ್ನು ಮತ್ತೆ ನೋಡಬೇಕೆಂದು ನನಗೆ ಅನಿಸಿದ್ದು ಆಗಲೇ.

ಇಂಗ್ಲಿಷಿನವರು ಕ್ಲೋಸ್ಡ್ ಗ್ರೂಪ್ ಎನ್ನುವುದು ಬಾಗಿಲು ಹಾಕಿದ ಗುಂಪನ್ನಲ್ಲ. ಮೊದಲ ದಿನ ಯಾರು ಯಾರು ಸೇರಿದರೋ ಅವರೇ ಕೊನೆಯವರೆಗೂ ಇದ್ದು, ಗೊತ್ತುಪಡಿಸಿದಷ್ಟು ವಾರಗಳು ಕಳೆದ ಮೇಲೆ ಒಟ್ಟಿಗೇ ಮುಗಿಸುವ, ನಡುವೆ ಹೊಸಬರನ್ನು ಸೇರಿಸಿಕೊಳ್ಳದ ಗುಂಪು ಅದು. ಓಪನ್ ಗ್ರೂಪಿಗಾದರೆ ಯಾವ ವಾರ ಬೇಕಾದರೂ ಹೊಸಬರು ಬರಬಹುದು, ಹಳಬರು ಬಿಡಬಹುದು. ‘ತೆರೆದ ಗುಂಪು’ ಎಂಬ ಮಾತು ಹೇಗೋ ನಡೆದೀತು. ಆದರೆ ಮುಚ್ಚಿದ ಅಂಗಡಿ, ಮುಚ್ಚಿದ ಕಾರ್ಖಾನೆ ಎಂದು ದಿನವೂ ಆಡುವ ನಮಗೆ ‘ಮುಚ್ಚಿದ ಗುಂಪು’ ಎಂದರೆ ನಿಂತುಹೋದ ಗುಂಪೆಂದೇ ಕೇಳಿಸುತ್ತದೆ. ನಾನದನ್ನು ‘ನಡುವೆ ಸೇರಲಾಗದ ಗುಂಪು’ ಎಂದು ತಿದ್ದಿಕೊಂಡಿದ್ದೇನೆ. ಉದ್ದವಾಯಿತು, ಆದರೆ ತಪ್ಪು ದಾರಿ ಹಿಡಿಸುವುದಿಲ್ಲ.

ನನ್ನ ಮುಖ್ಯ ತೊಡಕು ಬೇರೆಯೇ ಇದೆ. ಗ್ರೂಪ್ ಥೆರಪಿ ಮತ್ತು ಸಪೋರ್ಟ್ ಗ್ರೂಪ್ ಎರಡು ಬೇರೆ ಸಂಗತಿಗಳು. ಮೊದಲನೆಯದರಲ್ಲಿ ತರಬೇತಿ ಪಡೆದ ಚಿಕಿತ್ಸಕರೊಬ್ಬರೋ ಇಬ್ಬರೋ ಇರುತ್ತಾರೆ. ಸೇರುವ ಮೊದಲು ಅವರು ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಮಾತನಾಡಿಸಿ, ಈ ಗುಂಪು ಈ ವ್ಯಕ್ತಿಗೆ ಒಗ್ಗುತ್ತದೆಯೇ ಎಂದು ನೋಡುತ್ತಾರೆ. ಚಿಕಿತ್ಸೆಗೆ ಒಂದು ಗುರಿ ಇರುತ್ತದೆ. ಎರಡನೆಯದರಲ್ಲಿ ಅದೇ ಕಷ್ಟವನ್ನು ಉಂಡವರು ಒಬ್ಬರಿಗೊಬ್ಬರು ಒದಗುತ್ತಾರೆ. ಅಲ್ಲಿ ಒಬ್ಬರು ಮುಂದೆ ನಿಂತು ನಡೆಸಿಕೊಡಬಹುದು, ಕೆಲವೊಮ್ಮೆ ಅವರು ವೃತ್ತಿಪರರೂ ಆಗಿರಬಹುದು, ಆದರೆ ಅಲ್ಲಿ ನಡೆಯುವುದು ಚಿಕಿತ್ಸೆಯಲ್ಲ. ಕನ್ನಡದ ಬರಹಗಳಲ್ಲಿ ಈ ಎರಡಕ್ಕೂ ‘ಗುಂಪು ಚಿಕಿತ್ಸೆ’, ‘ಸಾಮೂಹಿಕ ಚಿಕಿತ್ಸೆ’, ‘ಬೆಂಬಲ ಗುಂಪು’, ‘ಸ್ವಸಹಾಯ ಗುಂಪು’ ಎಂಬ ಹೆಸರುಗಳನ್ನು ಅದಲು ಬದಲಾಗಿ ಬಳಸಿರುವುದನ್ನು ನೋಡುತ್ತಿದ್ದೇನೆ. ಓದುಗರು ಆ ಹೆಸರನ್ನೇ ನಂಬಿ ಹೊರಟರೆ, ಚಿಕಿತ್ಸೆ ಬೇಕಾದವರು ಮಾತುಕತೆಯ ಕೂಟಕ್ಕೆ ಹೋಗಿ ನಿರಾಶರಾಗುತ್ತಾರೆ; ಜೊತೆ ಬೇಕಾದವರು ‘ಚಿಕಿತ್ಸೆ’ ಎಂಬ ಪದಕ್ಕೆ ಹೆದರಿ ಮನೆಯಲ್ಲೇ ಉಳಿಯುತ್ತಾರೆ.

ಈ ಎರಡರ ಹುಟ್ಟನ್ನು ನೋಡಿದರೂ ದಾರಿಗಳು ಬೇರೆಯೆಂದು ತಿಳಿಯುತ್ತದೆ. 1905ರಲ್ಲಿ ಬಾಸ್ಟನ್ನಿನ ವೈದ್ಯ ಜೋಸೆಫ್ ಪ್ರ್ಯಾಟ್ ಕ್ಷಯರೋಗಿಗಳನ್ನು ಒಂದೆಡೆ ಕೂರಿಸಿ ಮನೆಯಲ್ಲೇ ಆರೈಕೆ ಮಾಡಿಕೊಳ್ಳುವ ಕ್ರಮವನ್ನು ಕಲಿಸತೊಡಗಿದರು. ಅದನ್ನು ಅವರು ಕರೆದದ್ದು ‘ಕ್ಲಾಸ್’ ಎಂದು. ರೋಗಿಗಳು ಪರಸ್ಪರರನ್ನು ಕಂಡೇ ಧೈರ್ಯ ತಂದುಕೊಳ್ಳುತ್ತಾರೆಂಬುದು ಆ ತರಗತಿಗಳಲ್ಲಿ ಅನುಭವಕ್ಕೆ ಬಂತು. ‘ಗ್ರೂಪ್ ಥೆರಪಿ’ ಎಂಬ ಹೆಸರು ಚಾಲ್ತಿಗೆ ಬಂದದ್ದು 1930ರ ದಶಕದ ಆರಂಭದಲ್ಲಿ, ಜೇಕಬ್ ಮೊರೆನೊ ಅವರಿಂದ. ಅಂದರೆ ಇಂಗ್ಲಿಷಿಗೂ ಈ ಪದ ದಕ್ಕಲು ಕಾಲು ಶತಮಾನ ಹಿಡಿಯಿತು, ನಾವು ಅಷ್ಟೊಂದು ನಾಚಿಕೊಳ್ಳಬೇಕಾಗಿಲ್ಲ. ಇನ್ನೊಂದು ದಾರಿ 1935ರದು. ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಬಿಲ್ ವಿಲ್ಸನ್ ಮತ್ತು ಬಾಬ್ ಸ್ಮಿತ್ ಎಂಬ ಇಬ್ಬರು ಕುಡಿತಕ್ಕೆ ಸಿಕ್ಕವರು ಪರಸ್ಪರ ಮಾತನಾಡಿಕೊಂಡಲ್ಲಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ, ಕುಡಿತ ಬಿಡಬಯಸುವವರ ಕೂಟ ಬೆಳೆಯಿತು. ಸ್ಮಿತ್ ವೃತ್ತಿಯಿಂದ ಶಸ್ತ್ರವೈದ್ಯರು. ಆದರೂ ಆ ಮಾತುಕತೆಯಲ್ಲಿ ಅವರು ಕುಳಿತದ್ದು ವೈದ್ಯರಾಗಿಯಲ್ಲ, ಕುಡುಕರಾಗಿ. ನಾನು ಹುಡುಕುತ್ತಿರುವ ಕನ್ನಡ ಪದದಲ್ಲಿ ಈ ವ್ಯತ್ಯಾಸ ಕೇಳಿಸಬೇಕು.

ಈಗ ಒಂದೊಂದೇ ಪದಕ್ಕೆ ಬರುತ್ತೇನೆ.

‘ಸಾಮೂಹಿಕ’ವನ್ನು ನಾನು ಮೊದಲೇ ಕೈಬಿಟ್ಟೆ. ಸಾಮೂಹಿಕ ವಿವಾಹ, ಸಾಮೂಹಿಕ ರಾಜೀನಾಮೆ, ಸಾಮೂಹಿಕ ನಕಲು ಎಂಬಲ್ಲೆಲ್ಲ ಹಲವರು ಒಂದೇ ಕೆಲಸವನ್ನು ಒಟ್ಟಿಗೆ ಮಾಡಿ ಮುಗಿಸುವ ಅರ್ಥವಿದೆ. ‘ಸಾಮೂಹಿಕ ಚಿಕಿತ್ಸೆ’ ಎಂದರೆ ಸಾಲಾಗಿ ನಿಲ್ಲಿಸಿ ಎಲ್ಲರಿಗೂ ಒಂದೇ ಚುಚ್ಚುಮದ್ದು ಕೊಟ್ಟಂತೆ ಕೇಳಿಸುತ್ತದೆ. ‘ಗುಂಪು’ ಎಂಬ ಪದಕ್ಕೂ ಅದರದೇ ಕಳಂಕವಿದೆ. ‘ಗುಂಪಿನಲ್ಲಿ ಗೋವಿಂದ’ ಎಂಬ ನಮ್ಮ ನುಡಿಗಟ್ಟು ಯಾರ ಕಣ್ಣಿಗೂ ಬೀಳದೆ ಹತ್ತರಲ್ಲಿ ಹನ್ನೊಂದಾಗಿ ದಾಟಿಕೊಳ್ಳುವುದಕ್ಕೆ ಸಲ್ಲುತ್ತದೆ. ಈ ಚಿಕಿತ್ಸೆಯಲ್ಲಿ ನಡೆಯುವುದು ಅದರ ತದ್ವಿರುದ್ಧ. ಸಾಮಾನ್ಯವಾಗಿ ಏಳೆಂಟು ಮಂದಿ, ವಾರಕ್ಕೊಮ್ಮೆ, ಸುಮಾರು 90 ನಿಮಿಷ, ದುಂಡಗೆ ಹಾಕಿದ ಕುರ್ಚಿಗಳಲ್ಲಿ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವಂತೆ ಕುಳಿತಿರುತ್ತಾರೆ. ನಾನು ಯಾರ ಮಾತನ್ನು ಅರ್ಧಕ್ಕೇ ಕತ್ತರಿಸುತ್ತೇನೆ, ಯಾರ ಎದುರು ಸುಮ್ಮನಾಗಿಬಿಡುತ್ತೇನೆ ಎಂಬುದು ಅಲ್ಲಿ ಎಲ್ಲರಿಗೂ ಕಾಣುತ್ತದೆ, ಮತ್ತು ಚಿಕಿತ್ಸೆಗೆ ಒದಗುವ ಸಾಮಗ್ರಿಯೇ ಅದು. ಅಲ್ಲಿ ಗೋವಿಂದ ಎಂದು ತಪ್ಪಿಸಿಕೊಳ್ಳುವಂತಿಲ್ಲ. ಇಷ್ಟಾದರೂ ‘ಗುಂಪು ಚಿಕಿತ್ಸೆ’ ಈಗಾಗಲೇ ಬಳಕೆಯಲ್ಲಿದೆ, ಕೇಳಿದೊಡನೆ ಅರ್ಥವೂ ಆಗುತ್ತದೆ. ಚಿಕಿತ್ಸಕರು ನಡೆಸುವ ಗುಂಪಿಗೆ ಮಾತ್ರ ಅದನ್ನು ಮೀಸಲಿಡೋಣ ಎಂಬುದು ನನ್ನ ಸಲಹೆ.

ಸಪೋರ್ಟ್ ಗ್ರೂಪಿಗೆ ಬಂದರೆ ಕಷ್ಟ ಹೆಚ್ಚು. ‘ಬೆಂಬಲ’ದಲ್ಲಿ ‘ಬೆನ್’ ಇದೆ. ಬೆನ್ನ ಹಿಂದಿನ ಬಲ ಅದು. ಪತ್ರಿಕೆಗಳ ದಯೆಯಿಂದ ಬೆಂಬಲ ಬೆಲೆ, ಬಾಹ್ಯ ಬೆಂಬಲ, ಬೆಂಬಲ ವಾಪಸು ಎಂಬ ಮಾತುಗಳ ನಡುವೆ ಅದು ಪಕ್ಷ ವಹಿಸುವ ಅರ್ಥಕ್ಕೆ ವಾಲಿಬಿಟ್ಟಿದೆ, ‘ಬೆಂಬಲಿಗರ ಗುಂಪು’ ಎಂದರಂತೂ ನಾಯಕರೊಬ್ಬರ ಹಿಂಬಾಲಕರೇ ಕಣ್ಣ ಮುಂದೆ ಬರುತ್ತಾರೆ. ‘ಸ್ವಸಹಾಯ ಗುಂಪು’ ಎಂದರೆ ಓದುಗರಿಗೆ ಉಳಿತಾಯ, ಸಾಲ, ಕಂತುಗಳ ನೆನಪು. ‘ಬಳಗ’ ನನಗೆ ಬಹಳ ಹಿಡಿಸಿದ್ದ ಪದ. ಆದರೆ ಬಂಧು ಬಳಗದವರ ಮುಂದೆ ಹೇಳಿಕೊಳ್ಳಲಾರದ್ದನ್ನು ಹೇಳಿಕೊಳ್ಳಲೆಂದೇ ಹಲವರು ಇಲ್ಲಿಗೆ ಬರುವುದರಿಂದ ಅದನ್ನೂ ಅರೆಮನಸ್ಸಿನಿಂದ ಬಿಟ್ಟೆ. ‘ಆಸರೆ’ ಮೃದುವಾದ ಮಾತು, ಆದರೆ ಅದರಲ್ಲಿ ಒಬ್ಬರು ಕಂಬ, ಇನ್ನೊಬ್ಬರು ಬಳ್ಳಿ. ಇಲ್ಲಿ ಈ ವಾರದ ಬಳ್ಳಿ ಮುಂದಿನ ವಾರದ ಕಂಬ.

ಇಲ್ಲಿ ನನಗೆ ನೆನಪಾದದ್ದು ‘ಸಮದುಃಖಿ’ ಎಂಬ ಪದ. ಗುಂಪು ಚಿಕಿತ್ಸೆಯಲ್ಲಿ ಗುಣ ಕೊಡುವ 11 ಅಂಶಗಳನ್ನು ಅಮೆರಿಕದ ಮನೋವೈದ್ಯ ಇರ್ವಿನ್ ಯಾಲೊಮ್ ಪಟ್ಟಿ ಮಾಡಿದ್ದಾರೆ. ಅವುಗಳಲ್ಲಿ ಒಂದರ ಹೆಸರು ಯೂನಿವರ್ಸ್ಯಾಲಿಟಿ. ನಿಘಂಟು ನೋಡಿ ‘ಸಾರ್ವತ್ರಿಕತೆ’ ಎಂದು ಬರೆದರೆ ಸಾರ್ವತ್ರಿಕ ಚುನಾವಣೆ, ಸಾರ್ವತ್ರಿಕ ರಜೆಗಳು ನೆನಪಾಗುತ್ತವೆಯೇ ಹೊರತು ವಿಷಯ ಮುಟ್ಟುವುದಿಲ್ಲ. ‘ಇದು ನನಗೊಬ್ಬಳಿಗೇ ಆಗಿರುವುದಲ್ಲ’ ಎಂದು ಮೊದಲ ಬಾರಿಗೆ ಅರಿವಾದಾಗ ಎದೆ ಹಗುರಾಗುತ್ತದಲ್ಲ, ಅದು ಆ ಪದದ ಅರ್ಥ. ಸಪೋರ್ಟ್ ಗ್ರೂಪಿನ ಜೀವಾಳವೂ ಅದೇ. ‘ಸಮದುಃಖಿ’ಯಲ್ಲಿ ಈ ಅರ್ಥ ತಾನಾಗಿ ಬರುತ್ತದೆ. ಮೇಲಾಗಿ ಅದು ರೋಗಿಗಷ್ಟೇ ಅಂಟಿಕೊಂಡ ಪದವಲ್ಲ: ಕುಡಿತಕ್ಕೆ ಸಿಕ್ಕವರ ಮನೆಯವರಿಗಾಗಿ 1951ರಲ್ಲಿ ರೂಪುಗೊಂಡ ಅಲ್-ಅನಾನ್‌ನಂಥ ಕೂಟಕ್ಕೂ ಸಲ್ಲುತ್ತದೆ. ದುಃಖವನ್ನೇ ಹೆಸರಿನಲ್ಲಿ ಹೊತ್ತ ಕೂಟಕ್ಕೆ ಯಾರು ಬಂದಾರು ಎಂಬ ಆಕ್ಷೇಪ ಬರಬಹುದು. ಅತ್ತಿಗೆಯವರೂ ಅದನ್ನೇ ಹೇಳಿದರು. ಉತ್ತರ ನನ್ನಲ್ಲಿಲ್ಲ.

ಆಲ್ಕೊಹಾಲಿಕ್ಸ್ ಅನಾನಿಮಸ್ ಹೆಸರಿನಲ್ಲಿರುವ ‘ಅನಾನಿಮಸ್’ ಎಂಬುದನ್ನು ‘ಅನಾಮಧೇಯ’ ಎನ್ನಲು ಕೈ ಬರುವುದಿಲ್ಲ. ಅನಾಮಧೇಯ ಪತ್ರ, ಅನಾಮಧೇಯ ಕರೆ ಎಂಬ ಬಳಕೆಗಳಲ್ಲಿ ಅದು ಕಳ್ಳತನದ ಬಣ್ಣ ಪಡೆದಿದೆ. ಇಲ್ಲಿನ ಅರ್ಥ ಇಷ್ಟೇ: ಪೂರ್ತಿ ಹೆಸರು, ಊರು, ಉದ್ಯೋಗ ಹೇಳಬೇಕಿಲ್ಲ, ಅಲ್ಲಿ ಕಂಡವರ ಹೆಸರನ್ನು ಹೊರಗೆ ಎತ್ತಬಾರದು. ಗೋಪ್ಯತೆಯ ವಿಷಯವಾಗಿ ಕೈಪಿಡಿಯಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕಾಯಿತು. (‘ಗೌಪ್ಯತೆ’ ಸರಿಯೇ ಎಂಬ ಹಳೆಯ ಜಗಳವನ್ನು ದಯವಿಟ್ಟು ಈಗ ತೆಗೆಯದಿರಿ.) ಚಿಕಿತ್ಸಕರನ್ನು ಅವರ ವೃತ್ತಿಯ ನಿಯಮ ಕಟ್ಟಿಹಾಕುತ್ತದೆ, ಜೀವಕ್ಕೆ ಅಪಾಯವಿರುವ ಸಂದರ್ಭದಲ್ಲಿ ಅದಕ್ಕೂ ವಿನಾಯಿತಿ ಇದೆ. ಜೊತೆಗೆ ಕುಳಿತ ಉಳಿದವರನ್ನು ಕಟ್ಟುವುದು ಮುಖ್ಯವಾಗಿ ಅವರು ಕೊಟ್ಟ ಮಾತು. ಒಂದೇ ಪದ ಎರಡು ಬಗೆಯ ಭರವಸೆಯನ್ನು ಹೊರುತ್ತಿದೆ.

ಇನ್ನು ‘ಶೇರಿಂಗ್’. ‘ಹಂಚಿಕೊಳ್ಳುವುದು’ ಈಗ ಎಲ್ಲರ ಬಾಯಲ್ಲೂ ಇದೆ, ಆದರೆ ಕನ್ನಡದಲ್ಲಿ ಆಸ್ತಿಯನ್ನು ಹಂಚಿಕೊಳ್ಳುತ್ತಾರೆ, ತಿಂಡಿಯನ್ನು ಹಂಚಿಕೊಳ್ಳುತ್ತಾರೆ. ಅಳಲನ್ನು ತೋಡಿಕೊಳ್ಳುತ್ತಾರೆ, ಕಷ್ಟವನ್ನು ಹೇಳಿಕೊಳ್ಳುತ್ತಾರೆ. ‘ಹೇಳು’ವಿಗೆ ‘ಕೊಳ್ಳು’ ಸೇರಿದ ಮಾತ್ರಕ್ಕೆ ಸುದ್ದಿ ಮುಟ್ಟಿಸುವ ಕ್ರಿಯೆ ಭಾರ ಇಳಿಸಿಕೊಳ್ಳುವ ಕ್ರಿಯೆಯಾಗುವ ಸೊಗಸು ನಮ್ಮ ಭಾಷೆಯಲ್ಲೇ ಇರುವಾಗ ಬೇರೆಡೆ ಏಕೆ ಹುಡುಕಬೇಕು? ನಾನು ‘ಹೇಳಿಕೊಳ್ಳುವುದು’ ಎಂದೇ ಬರೆದಿದ್ದೇನೆ, ಮತ್ತು ಅದರ ಪಕ್ಕದಲ್ಲೇ, ಹೇಳಿಕೊಳ್ಳಲೇಬೇಕೆಂಬ ಒತ್ತಾಯವಿಲ್ಲ, ಮೊದಲ ಕೆಲವು ವಾರ ಸುಮ್ಮನೆ ಕೇಳುತ್ತ ಕೂರಬಹುದು ಎಂದು ಸೇರಿಸಿದ್ದೇನೆ. ‘ಫೆಸಿಲಿಟೇಟರ್’ಗೆ ತರಬೇತಿ ಶಿಬಿರಗಳವರು ‘ಸುಗಮಕಾರ’ ಎನ್ನುತ್ತಾರೆ. ನನಗೆ ‘ನಡೆಸಿಕೊಡುವವರು’ ಸಾಕು.

ವಿಚಾರಿಸಬೇಕಾದ ಪ್ರಶ್ನೆಗಳ ಭಾಗದಲ್ಲಿ ಪದದ ತೊಂದರೆ ಕಡಿಮೆ. ಈಗ ನೋಡುತ್ತಿರುವ ವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಆಸ್ಪತ್ರೆಯ ಸಮಾಜಕಾರ್ಯ ವಿಭಾಗದವರನ್ನೋ ಮೊದಲು ಕೇಳಿ ಎಂದಿದ್ದೇನೆ. ನಡೆಸುವವರು ಯಾರು, ಅವರ ತರಬೇತಿ ಏನು, ಎಷ್ಟು ವಾರ, ಎಷ್ಟು ಜನ, ಶುಲ್ಕವಿದೆಯೇ, ನಡುವೆ ಬಿಡಬೇಕೆನಿಸಿದರೆ ಹೇಗೆ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಔಷಧ ನಿಲ್ಲಿಸಿ ಎನ್ನುವ ಕೂಟದಿಂದ ಎದ್ದು ಬನ್ನಿ ಎಂಬ ಸಾಲನ್ನು ದಪ್ಪಕ್ಷರದಲ್ಲಿ ಹಾಕಿಸಿದ್ದೇನೆ. ಸಾಯಬೇಕೆಂಬ ಯೋಚನೆ ಬಲವಾಗಿರುವವರು ವಾರದ ಕೂಟಕ್ಕಾಗಿ ಕಾಯದೆ ಕೂಡಲೇ ತುರ್ತು ನೆರವಿಗೆ ಹೋಗಬೇಕು ಎಂಬುದೂ ಅದೇ ಪುಟದಲ್ಲಿದೆ. ಆನ್‌ಲೈನ್ ಕೂಟಗಳಿಗೂ ಇವೇ ಪ್ರಶ್ನೆಗಳು. ಜೊತೆಗೆ, ಮಾತುಕತೆಯನ್ನು ಯಾರಾದರೂ ರೆಕಾರ್ಡ್ ಮಾಡಿಕೊಳ್ಳುತ್ತಾರೆಯೇ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಆದ್ದರಿಂದ ನನ್ನ ಪ್ರಶ್ನೆಗಳು ಮೂರು. ಚಿಕಿತ್ಸೆ ನಡೆಯದ, ಕಷ್ಟ ಉಂಡವರೇ ಸೇರುವ ಕೂಟಕ್ಕೆ ‘ಸಮದುಃಖಿಗಳ ಕೂಟ’ ಎಂಬುದು ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ, ಅದಕ್ಕಿಂತ ಹಗುರಾದ ಮಾತು ನಿಮ್ಮ ಕಡೆಯ ಆಡುನುಡಿಯಲ್ಲಿ ಇದೆಯೇ? ‘ನಡುವೆ ಸೇರಲಾಗದ ಗುಂಪು’ ಎಂಬುದನ್ನು ಎರಡೇ ಪದಗಳಿಗೆ ಇಳಿಸಬಹುದೇ? ಇಂಥ ಕೂಟದಲ್ಲಿ ಅದೇ ಕಷ್ಟ ಉಂಡ ಜೊತೆಯವರನ್ನು ಇಂಗ್ಲಿಷಿನಲ್ಲಿ ಕರೆಯುವ ‘ಪಿಯರ್’ ಎಂಬುದಕ್ಕೆ ‘ಓರಗೆಯವರು’ ಎಂದರೆ ವಯಸ್ಸಿನ ಓರಗೆಯೇ ಮುಂದಾಗಿ, ಇಪ್ಪತ್ತರ ಹುಡುಗನೂ ಅರುವತ್ತರ ತಾಯಿಯೂ ಒಂದೇ ಕಾಯಿಲೆಯ ಕಾರಣದಿಂದ ಓರಗೆಯವರಾಗುವುದು ಓದುಗರಿಗೆ ಹೊಳೆಯದೆ ಹೋಗುತ್ತದೆಯೇ? ಕೈಪಿಡಿ ಅಚ್ಚಿಗೆ ಹೋಗಲು ಇನ್ನೂ ಮೂರು ವಾರವಿದೆ. ಎರಡನೆಯ ಪುಟದ ತಲೆಬರಹದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.