ಸಿಂಧನೂರು ಕಡೆ ಹಳ್ಳಿಗೆ ಬರ್ತಿದ್ದೀವಿ, "ಊರಿನವರು" ಅನ್ನಿಸಿಕೊಳ್ಳೋದು ಹೇಗೆ?

ಪ್ರಶ್ನೆ: ನಾವು ಶಿವಮೊಗ್ಗ ಕಡೆಯವರು, ಗಂಡ-ಹೆಂಡತಿ. ಯುಗಾದಿ ಹೊತ್ತಿಗೆ ಸಿಂಧನೂರು ತಾಲೂಕಿನ ಒಂದು ಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದು, ಕಾಲುವೆ ನೀರಿನ 4 ಎಕರೆ ಗದ್ದೆ ಲೀಸಿಗೆ ಮಾಡುವ ಯೋಚನೆ ಇದೆ. ಮಗಳನ್ನು ಅಲ್ಲೇ ಶಾಲೆಗೆ ಸೇರಿಸ್ತೀವಿ. "ಹೊರಗಿನವರು" ಅನ್ನೋದು ಹೋಗೋಕೆ ಎಷ್ಟು ವರ್ಷ ಬೇಕು? ಮೊದಲ ವರ್ಷ ಯಾವುದರಲ್ಲಿ ಎಡವುತ್ತಾರೆ? ಅವಳಿಗೆ ಮುಂದೆ 371ಜೆ (ಕಲ್ಯಾಣ ಕರ್ನಾಟಕದವರಿಗೆ ಓದು, ನೌಕರಿಯಲ್ಲಿ ಇರುವ ಮೀಸಲಾತಿ) ಸಿಗುತ್ತಾ? ತಿಳಿದವರು ಹೇಳಿ.

ಸಿಂಧನೂರಿನಿಂದ: ವರ್ಷದ ಲೆಕ್ಕ ಬಿಡ್ರಿ. ತುಂಗಭದ್ರಾ ಡ್ಯಾಂ ಆಗಿದ್ದು 1953ರಾಗ. ಎಡದಂಡಿ ಕಾಲುವಿ ಹಿಡಕೊಂಡು ಆಂಧ್ರದಿಂದ ಬಂದು ನೆಲ್ಲು ಬೆಳೆದವರ ಮೊಮ್ಮಕ್ಕಳು ಇಲ್ಲೇ ಹುಟ್ಟಿ ಇಲ್ಲೇ ಓದ್ಯಾರ. ಆದ್ರೂ ಅವರ ಊರು ಇವತ್ತಿಗೂ "ಕ್ಯಾಂಪು", ಅವರು "ಕ್ಯಾಂಪಿನವರು". ಅದು ಬೈಗುಳ ಅಲ್ಲ, ಗುರುತು. ನಿಮಗೂ ಒಂದು ಗುರುತು ಬೀಳ್ತದ, ಎಂಥದು ಬೀಳ್ತದ ಅನ್ನೋದಷ್ಟೇ ನಿಮ್ಮ ಕೈಯಾಗ ಐತಿ.

ಮೊದಲು "ಯಾವೂರ್ರೀ?" ಅಂತಾರ, ಅದರ ಹಿಂದೇ "ಯಾರ ಪೈಕಿ?" ಅಂತಾರ. ಎರಡನೇದಕ್ಕ ಉತ್ತರ ಇಲ್ಲದವರೇ ಹೊರಗಿನವರು. "ಇಂಥವರ ಮನ್ಯಾಗ ಅದೀವ್ರಿ" ಅಂತ ಮಾಲೀಕರ ಹೆಸರು ಹೇಳ್ರಿ, ಅದೇ ನಿಮ್ಮ ಜಾಮೀನು. ಅದಕ್ಕೇ ಮನಿ ಹಿಡಿಯೋಕಿಂತ ಮೊದಲು ಚಹಾದಂಗಡ್ಯಾಗ ನಾಕು ದಿನ ಕುಂತು ನೋಡ್ರಿ. ಪಂಚಾಯ್ತಿ ಎಲೆಕ್ಷನ್ ಆದ ಊರಾಗ ಎರಡು ಪಾರ್ಟಿ ಇದ್ದೇ ಇರ್ತವ. ಒಂದು ಪಾರ್ಟಿಯವರ ಮನಿ, ಇನ್ನೊಂದು ಪಾರ್ಟಿಯವರ ಹೊಲ ಹಿಡಿದ್ರ ಎರಡೂ ಕಡೆ ಸಂಶಯ.

ಜಾತೀನೂ ಮುಖಕ್ಕೇ ಕೇಳ್ತಾರ. ಉತ್ತರದ ಮ್ಯಾಲೆ ಬಾಡಿಗಿ ಮನಿ ಸಿಗೋದು, ಸಿಗದೇ ಇರೋದು ಇನ್ನೂ ಐತಿ. ಯಾವ ಓಣ್ಯಾಗ ಮನಿ ಹಿಡೀತೀರಿ ಅನ್ನೋದೂ ಅದೇ ಲೆಕ್ಕಕ್ಕ ಹೋಗ್ತದ. ಹೊಸಬರಿಗೆ ಇದನ್ನ ಯಾರೂ ಮೊದಲೇ ಹೇಳಂಗಿಲ್ಲ.

ಗಂಗಾವತಿಯಿಂದ: ಲೀಸಿನ ವಿಷಯ ಹೇಳ್ತೀನಿ, ಹೊಸಬರು ಕೆಡೋದು ಅಲ್ಲೇ. 1974ರ ಭೂಸುಧಾರಣೆ ತಿದ್ದುಪಡಿ ಆದಾಗಿನಿಂದ ಕೃಷಿ ಜಮೀನು ಗೇಣಿಗೆ ಕೊಡೋದಕ್ಕೆ ಕಾಯ್ದೆಯ ತಡೆ ಇದೆ. ಹಂಗಾಗಿ ಇಲ್ಲಿ ನಡೆಯೋ ಲಾವಣಿ (ಲೀಸು) ಬಹುಪಾಲು ಬಾಯಿಮಾತು. ಕಾಗದ ಇಲ್ಲದ ಕಡೆ ಸಾಕ್ಷಿನೇ ಕಾಗದ: ಊರಿನ ಇಬ್ಬರು ಹಿರಿಯರನ್ನ ಕೂಡಿಸಿ ಅವರ ಮುಂದೆ ಮಾತಾಡಿ. ಎಕರೆಗೆ ಎಷ್ಟು, ರೊಕ್ಕನೋ ಚೀಲನೋ, ಚೀಲ ಅಂದ್ರೆ 75 ಕಿಲೋನಾ, ಎರಡನೇ ಬೆಳೆಗೆ ನೀರು ಬಿಡದಿದ್ದರೆ ಲಾವಣಿ ಎಷ್ಟು ಕಡಿಮೆ, ಇಷ್ಟೂ ಅಲ್ಲೇ ಬಾಯಿಬಿಟ್ಟು ಹೇಳಿಸಿ. ಬೆಳೆ ಪರಿಹಾರ, ವಿಮೆ ಎಲ್ಲಾ ಪಹಣಿಯಲ್ಲಿ ಹೆಸರಿದ್ದವರ ಖಾತೆಗೇ ಬೀಳ್ತದೆ. ಬೆಂಬಲ ಬೆಲೆಗೆ ಮಾರೋಕೂ ಮಾಲೀಕರದ್ದೇ ಫ್ರೂಟ್ಸ್ ನಂಬರ್ (ರೈತರ ನೋಂದಣಿ ಸಂಖ್ಯೆ) ಬೇಕು. ಬಂದ ರೊಕ್ಕ ಯಾರಿಗೆ ಅಂತ ಮಾತಾಡದೆ ಬಿಟ್ಟರೆ ಮಳೆ ಕೆಟ್ಟ ವರ್ಷ ಜಗಳ ಖಾಯಂ.

ಇನ್ನೊಂದು. ಆ 4 ಎಕರೆ ಈ ವರ್ಷ ಯಾರು ಮಾಡ್ತಿದ್ದರು ಅಂತ ಕೇಳಿ ತಿಳ್ಕೊಳ್ಳಿ. ಹೆಚ್ಚು ಲಾವಣಿ ಆಸೆ ತೋರಿಸಿ ಊರಿನವನ ಕೈಯಿಂದ ಹೊಲ ಬಿಡಿಸಿದರೆ ಮುಗೀತು, ಹತ್ತು ಜಾತ್ರೆಗೆ ಪಟ್ಟಿ ಕೊಟ್ಟರೂ ಆ ಹೆಸರು ಹೋಗಲ್ಲ. ನಾಟಿ ಕೂಲಿನೂ ಹಂಗೇ. ಊರಾಗ ನಡೆದ ದರಕ್ಕಿಂತ ಐವತ್ತು ರೂಪಾಯಿ ಹೆಚ್ಚು ಕೊಟ್ಟರೆ ಹೆಣ್ಣಾಳು ನಿಮ್ಮ ಗದ್ದೆಗೇ ಬರ್ತಾರೆ, ಆದ್ರೆ ಅಕ್ಕಪಕ್ಕದವರೆಲ್ಲ ನಿಮ್ಮ ವೈರಿ. ದರ ಊರಿನದೇ ಇರಲಿ, ಪಗಾರ ಮಾತ್ರ ಸಂತೆಯ ಹಿಂದಿನ ದಿನ ತಪ್ಪದೆ ಕೈಗೆ ಬರಲಿ.

ನೀರಿನ ತೂಬಿಗೆ ಮೊದಲ ವರ್ಷ ಕೈ ಹಚ್ಚಬೇಡಿ, ನೀರು ಬಿಡೋ ನೀರಗಂಟಿಯನ್ನೋ ಮೇಲಿನ ಗದ್ದೆಯವರನ್ನೋ ಕೇಳಿ. ಇಲ್ಲಿ ಮೇಲಿನ ಮಡಿಯಿಂದ ಕೆಳಗಿನ ಮಡಿಗೆ ನೀರು ಹಾಯ್ತದೆ. ನಾಟಿ ಆದ ವಾರದೊಳಗೆ ಕಳೆನಾಶಕ ಹಾಕಿದರೆ ಮೂರ್ನಾಲ್ಕು ದಿನ ನೀರು ನಿಂತಿರಬೇಕು. ಆಗ ನಡುವಿನ ಬದು ಕಡಿದರೆ ಮೇಲಿನವರ ಔಷಧ ನಿಮ್ಮ ಗದ್ದೆಗೆ, ಅವರ ಗದ್ದೆಯಲ್ಲಿ ಕಳೆ. ಗದ್ದೆ ಒಣಗ್ತಿದೆ ಅಂತ ರಾತ್ರಿ ಹೋಗಿ ಬದು ಕಡಿಯೋದು ಹೊಸಬರು ಮಾಡೋ ತಪ್ಪು, ಬೆಳಿಗ್ಗೆ ಹೆಜ್ಜೆ ಗುರುತು ಹೇಳ್ತದೆ.

ರಾಯಚೂರಿನಿಂದ: ಕಾಗದದ ಮೇಲಿನ "ಸ್ಥಳೀಯ" ಬೇರೆ, ಊರಿನ "ನಮ್ಮವರು" ಬೇರೆ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೆ ಬಂದು ನೋಡುತ್ತಾರೆ, ಸಾಮಾನ್ಯವಾಗಿ ಶಿಕ್ಷಕರೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ. 371ಜೆಗೆ ಮುಖ್ಯವಾಗಿ ಈ ಭಾಗದಲ್ಲಿ ಹುಟ್ಟಿರಬೇಕು, ಇಲ್ಲವೇ 2013ರ ಜನವರಿ 1ಕ್ಕೆ ಮುಂಚೆ 10 ವರ್ಷ ಇಲ್ಲಿ ನೆಲೆಸಿರಬೇಕು. ಅರ್ಹತಾ ಪತ್ರ ಕೊಡುವವರು ಸಹಾಯಕ ಆಯುಕ್ತರು. ಈಗ ಬಂದು ಆಧಾರ್ ವಿಳಾಸ ಬದಲಿಸಿ, ಇಲ್ಲಿನ ಶಾಲೆಯಲ್ಲಿ ಓದಿಸಿದ ಮಾತ್ರಕ್ಕೆ ಅದು ಬರುವುದಿಲ್ಲ. "ಮಾಡಿಸಿಕೊಡ್ತೀನಿ" ಎಂದು ರೊಕ್ಕ ಕೇಳುವವರು ಸಿಗುತ್ತಾರೆ, ದೂರ ಇರಿ. ಊರಲ್ಲಿ ಈ ವಿಷಯ ಎತ್ತುವುದೂ ಬೇಡ, ಅದಕ್ಕೇ ಬಂದಿದ್ದಾರೆ ಅಂದುಕೊಳ್ಳುತ್ತಾರೆ.

ಬಳ್ಳಾರಿಯಿಂದ: ಮಾತಿನ ಬಗ್ಗೆ ಎರಡೇ ಸಾಲು. ಆಕಡೆ ಮಂದಿ "ನೀ" ಅಂದ್ರೆ ಸಲಿಗೆ, ಅಗೌರವ ಅಲ್ಲ. ಹಿರಿಯರಿಗೆ ನೀವು ಮಾತ್ರ "ರೀ" ಬಿಡಬ್ಯಾಡ್ರಿ. ಅವರ ಮಾತನ್ನ ಅಣಕಿಸಿದಂಗೆ ಬಲವಂತಕ್ಕೆ ಆಡಬ್ಯಾಡ್ರಿ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಶೇಂಗಾ ಅಂತ ಸಾಮಾನಿನ ಹೆಸರು ಕಲಿತರೆ ಅಂಗಡ್ಯಾಗ ಸಾಕು.

ಕೊಪ್ಪಳದಿಂದ: ಮೇಲಿನವರೆಲ್ಲ ಹೊಲದ ಮಾತು ಹೇಳಿದರು. ಊರು ನಿಜವಾಗಿ ಲೆಕ್ಕ ಇಡೋದು ಸಾವಿನ ಮನ್ಯಾಗ. ಮದುವಿಗೆ ಕರೀಬೇಕು, ಮಣ್ಣಿಗೆ ಕರಿಯಂಗಿಲ್ಲ, ಸುದ್ದಿ ಕೇಳಿ ಹೋಗಬೇಕು. ಪರಿಚಯ ಇಲ್ಲದಿದ್ರೂ ಹೋಗ್ರಿ, ಮಾತು ಬ್ಯಾಡ, ಹಿಂದೆ ನಿಂತು ಒಂದು ಹಿಡಿ ಮಣ್ಣು ಹಾಕಿ ಬರ್ರಿ. ಮದುವ್ಯಾಗ ಆಯೇರಿ (ಮುಯ್ಯಿ) ಬರಿಸುವಾಗ ಹೆಸರಿನ ಮುಂದೆ ಊರು ಬರೀತಾರ. ಬರಿಯಾಂವ ನಿಮ್ಮನ್ನ ಕೇಳದೆ "ಶಿವಮೊಗ್ಗ" ಅಂತ ಬರದ್ರ ಸಿಟ್ಟು ಬ್ಯಾಡ. ಊರು ಬರಿಯದೆ ಬರೀ ಹೆಸರು ಬರದ ದಿನ ತಿಳ್ಕೊಳ್ರಿ. ಮೊತ್ತ ಮನಿ ಮಾಲೀಕರು ಬರಸಿದ್ದಕ್ಕಿಂತ ಹೆಚ್ಚು ಬ್ಯಾಡ, ತಿರುಗಿ ಕೊಡೋ ಭಾರ ಮದುವಿ ಮನಿಯವರಿಗೆ.

ಮೊಹರಂ ದಿನ ಅಲಾಯಿ ದೇವರಿಗೆ ಎಲ್ಲಾ ಜಾತಿಯವರೂ ಸಕ್ಕರಿ ಓದಿಸ್ತಾರ (ನೈವೇದ್ಯ ಮಾಡಿಸ್ತಾರ), ಕಾಲು ಕಿಲೋ ಸಾಕು. ಎಳ್ಳಮಾಸಿಗೆ ಹೊಲದಾಗ ಚರಗ (ಭೂಮಿಗೆ ಎಡಿ) ಚೆಲ್ಲುವಾಗ ಬಾಜೂ ಹೊಲದವರನ್ನ ಊಟಕ್ಕ ಕರೀರಿ. ಸೋಮವಾರ ಎತ್ತಿಗೆ ಬಿಡುವು, ಆ ದಿನ ಹೂಡ್ರಿ ಅಂತ ಯಾರಿಗೂ ಹೇಳಬ್ಯಾಡ್ರಿ. ಕೊಪ್ಪಳದ ಗವಿಮಠದ ಜಾತ್ರಿ ದಾಸೋಹಕ್ಕ ಹಳ್ಳಿಗಳಿಂದ ರೊಟ್ಟಿ ಹೋಗ್ತಾವ, ನಿಮ್ಮೂರಾಗೂ ಅಂಥ ರೊಟ್ಟಿ ಬಡಿಯೋ ಕೆಲಸ ಇದ್ರ ಅಕ್ಕಾರು ಅಲ್ಲಿ ಹೋಗಿ ಕುಂದರ್ರಿ, ವರ್ಷದ ಪರಿಚಯ ಒಂದು ಮಧ್ಯಾಹ್ನದಾಗ ಆಗ್ತದ.

ಕೇಳಿದವರು: ತುಂಬಾ ಉಪಕಾರ ಆಯ್ತು. ನನಗೆ ಜೋಳದ ರೊಟ್ಟಿ ಬಡಿಯೋಕೆ ಬರಲ್ಲ, ಅಂಚು ಸೀಳುತ್ತೆ. ಹೋಗಿ ನಗೆಪಾಟಲಾಗಲ್ವಾ?

ಕೊಪ್ಪಳದಿಂದ: ಸೀಳೋದು ಹಿಟ್ಟು ಹಳೇದಾಗಿದ್ರ ಅಕ್ಕಾರೆ, ಜಿಗಿ ಹೋಗಿರ್ತದ. ಬೀಸಿಸಿ ವಾರದೊಳಗಿನ ಹಿಟ್ಟು, ಕುದಿಯೋ ನೀರು ಹಾಕಿ ಬಿಸಿ ಇದ್ದಾಗಲೇ ನಾದ್ರಿ. ಅಲ್ಲಿ ಮೊದಲ ದಿನ ಬಡಿಯಾಕ ಕುಂದರಬ್ಯಾಡ್ರಿ, ಹಂಚಿನ ಕಡೆ ಕುಂದರ್ರಿ. ರೊಟ್ಟಿ ಹಂಚಿಗೆ ಬಿದ್ದ ಕೂಡ್ಲೇ ಒದ್ದಿ ಅರಿವಿಲೆ (ಹಸಿ ಬಟ್ಟಿಲೆ) ಮ್ಯಾಲಿನ ಹಿಟ್ಟು ಸವರೋದು, ನೀರು ಆರಿದ ಮ್ಯಾಲೆ ತಿರುವೋದು. ಜಾಸ್ತಿ ಒಣಗಿಸಿದ್ರ ಬಿರೀತದ, ಅವಸರ ಮಾಡಿದ್ರ ಅರಿವಿಗೆ ಹತ್ತಿ ಹರೀತದ. ಹರದ್ರ ನಗತಾರ, ನಗಲಿ ಬಿಡ್ರಿ, ತೋರಿಸಿಕೊಡೋರೂ ಅವರೇ.