ಐರನ್ ಮೇಡನ್‌ನ ಹೊಸ ಹಾಡು ಯಾವುದರಿಂದ ಕೇಳಲು ಶುರು ಮಾಡಲಿ? ಅನುಭವ ಹೇಳಿ

ಕೇಳಿದವರು, ಬಳ್ಳಾರಿ: ಕಾಲೇಜಿನಲ್ಲಿ ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಅಂದ್ರೆ ಪ್ರಾಣ. 2007ರ ಮಾರ್ಚ್‌ನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಹೋಗಿ ನೋಡಿ ಬಂದಿದ್ದೆ. ಆಮೇಲೆ ಕೆಲಸ, ಮನೆ, ಮಕ್ಕಳು ಅಂತ ಕೇಳುವುದೇ ನಿಂತಿತು. ಮೊನ್ನೆ ಅವರ 2021ರ ಆಲ್ಬಮ್ 'ಸೆಂಜುತ್ಸು' ಹಾಕಿದೆ, ಅರ್ಧಕ್ಕೇ ಬಿಟ್ಟೆ. ಹಾಡುಗಳು ಮುಗಿಯುವುದೇ ಇಲ್ಲ. ನಿಮಗೂ ಹೀಗಾಗಿತ್ತಾ?

ಬಳ್ಳಾರಿಯಿಂದಲೇ: ನನಗೂ ಹಾಗೇ ಆಗಿತ್ತು. ಅಡುಗೆಮನೆಯಲ್ಲಿ ಫೋನ್ ಇಟ್ಟು, ಮಧ್ಯೆ ಮಧ್ಯೆ ಕರೆ ಬರುತ್ತಾ ಕೇಳಿದರೆ ಈ ಹಾಡುಗಳು ಹಿಡಿಯುವುದಿಲ್ಲ. ನನಗೆ ಹಿಡಿದದ್ದು ಕಾರಿನಲ್ಲಿ. ಒಬ್ಬನೇ ಕೊಪ್ಪಳಕ್ಕೆ ಹೊರಟಿದ್ದೆ, ತೋರಣಗಲ್ಲಿನ ಹತ್ತಿರ ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಂಡೆ, ಬೇರೆ ದಾರಿ ಇಲ್ಲದೆ ಅದೇ ಆಲ್ಬಮ್‌ನ ಕೊನೆಯ ಹಾಡು 'ಹೆಲ್ ಆನ್ ಅರ್ತ್' ಪೂರ್ತಿ ಕೇಳಿದೆ. 11 ನಿಮಿಷಕ್ಕಿಂತ ಜಾಸ್ತಿ. ಮೊದಲ ಎರಡು ನಿಮಿಷ ಮೆಲ್ಲಗೆ ಸಾಗುತ್ತದೆ. ಆಮೇಲೆ ಸ್ಟೀವ್ ಹ್ಯಾರಿಸ್‌ನ ಬೇಸ್ ಗಿಟಾರ್ ಕುದುರೆ ಓಟ ಶುರು ಮಾಡುತ್ತದಲ್ಲ, ಆಗ ಕಾಲೇಜಿನ ದಿನಗಳ ಆ ರೋಮಾಂಚನ ಹಾಗೇ ವಾಪಸ್ ಬಂತು. ಮುನಿರಾಬಾದ್ ದಾಟುವಷ್ಟರಲ್ಲಿ ಮೂರು ಸಲ ಕೇಳಿದ್ದೆ. ನೀವೂ ಆಲ್ಬಮ್‌ನ ಮೊದಲಿಂದ ಬರಬೇಡಿ, ಈ ಕೊನೆಯ ಹಾಡಿನಿಂದ ಹಿಂದಕ್ಕೆ ಬನ್ನಿ. ನಮ್ಮ ಕಡೆ ರಾತ್ರಿಯಿಡೀ ಕೂತು ಬಯಲಾಟ ನೋಡುತ್ತಿದ್ದರು, ಆ ತಾಳ್ಮೆ ನಮಗೆ ಹೊಸದಲ್ಲ ಅಲ್ವಾ?

ರಾಯಚೂರಿನಿಂದ: ನಾನಾದರೆ 2000ದ ಆಲ್ಬಮ್ 'ಬ್ರೇವ್ ನ್ಯೂ ವರ್ಲ್ಡ್' ಕೊಡುತ್ತೇನೆ. 1993ರಲ್ಲಿ ಬಿಟ್ಟುಹೋಗಿದ್ದ ಗಾಯಕ ಬ್ರೂಸ್ ಡಿಕಿನ್ಸನ್ 1999ರಲ್ಲಿ ಮರಳಿದ, ಜೊತೆಗೆ ಏಡ್ರಿಯನ್ ಸ್ಮಿತ್ ಕೂಡ ಬಂದ. ಇದ್ದ ಇಬ್ಬರ ಜೊತೆ ಮೂರನೇ ಗಿಟಾರ್ ಸೇರಿತು. ಹೊಸ ಮೇಡನ್‌ನ ಸದ್ದು ಅಲ್ಲಿಂದಲೇ. ಇನ್ನೊಂದು ಮಾತು, ನೀವು 2007ರಲ್ಲಿ ಕೇಳಿದ್ದರಲ್ಲಿ ಆಗಿನ ಹೊಸ ಹಾಡುಗಳೂ ಇದ್ದವು, ಹಳೆಯದಕ್ಕೆ ಕಾಯುತ್ತಾ ಗಮನಿಸಿರಲಿಕ್ಕಿಲ್ಲ. 2006ರ ಆಲ್ಬಮ್‌ನ 'ಬ್ರೈಟರ್ ದ್ಯಾನ್ ಎ ಥೌಸಂಡ್ ಸನ್ಸ್' ಈಗ ಮತ್ತೆ ಕೇಳಿ. ಅಣುಬಾಂಬಿನ ಹಾಡು ಅದು. ಹೆಸರಿನಲ್ಲಿರುವ ಆ ಸಾವಿರ ಸೂರ್ಯರ ಮಾತು ನಮ್ಮ ಭಗವದ್ಗೀತೆಯ ವಿಶ್ವರೂಪ ದರ್ಶನದ್ದು. ಅದು ಗೊತ್ತಾದ ದಿನ ನಾನು ಸುಮ್ನೆ ಕೂತುಬಿಟ್ಟಿದ್ದೆ.

ಕೊಪ್ಪಳದಿಂದ: ಇಬ್ಬರೂ ದನಿಯ ವಿಷಯ ಬಿಟ್ಟಿದ್ದೀರಿ. 1982ರ ಬ್ರೂಸ್‌ನನ್ನು ಹುಡುಕಿಕೊಂಡು ಹೋದರೆ ಬೇಸರವಾಗುತ್ತದೆ. ಆತನ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಬಂದು, 2015ರಲ್ಲಿ ಗುಣವಾಯಿತು. 'ಸೆಂಜುತ್ಸು' ಹಾಡಿದ್ದು ಅದಾದ ಮೇಲೆ, 60ರ ವಯಸ್ಸಿನಲ್ಲಿ. ಎತ್ತರದ ಸ್ವರದಲ್ಲಿ ಶ್ರಮ ಕೇಳಿಸುತ್ತದೆ, ನನಗೆ ಅದೇ ಇಷ್ಟ. 2015ರ 'ಎಂಪೈರ್ ಆಫ್ ದಿ ಕ್ಲೌಡ್ಸ್' ಮಾತ್ರ ಕೊನೆಗೆ ಇಟ್ಟುಕೊಳ್ಳಿ. 18 ನಿಮಿಷ, 1930ರಲ್ಲಿ ಫ್ರಾನ್ಸ್‌ನಲ್ಲಿ ಬಿದ್ದು ಉರಿದ ಆರ್101 ವಾಯುನೌಕೆಯ ಕಥೆ, ಪಿಯಾನೋ ಕೂಡ ಬ್ರೂಸ್‌ನದೇ. ರಾತ್ರಿ ಎಲ್ಲರೂ ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು.

ಕೇಳಿದವರು: ಶನಿವಾರ ಗಂಗಾವತಿಗೆ ಹೋಗುವುದಿದೆ, ಒಬ್ಬನೇ. ಕೊನೆಯ ಹಾಡನ್ನೇ ಮೊದಲು ಹಾಕುತ್ತೇನೆ.